ಶೂ ಡಬ್ಬ ವಾಪಸ್ ಕೊಟ್ಟೆ

ನಮ್ಮೆಜಮಾನರು ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಆಪರೇಷನ್ ಆಗಿ ನಾಲ್ಕು ತಿಂಗಳಾಯ್ತು. ದಿನಾ ಫೋನ್ ಮಾಡಿ ವಿಚಾರಿಸಿದ ನಿಮಗೆಲ್ಲ ದೊಡ್ಡ ನಮಸ್ಕಾರ. ಆದರೆ ಇವತ್ತು ಬರೆಯೋಕೆ ಕೂತಿದ್ದು ಪಕ್ಕದ ಮನೆ ಅಜ್ಜಿಗೋಸ್ಕರ.

ನಾವು ಅಮೆರಿಕದ ಮೆಂಫಿಸ್‌ಗೆ ಬಂದು ಆಗ ಆರೇ ವಾರ. ರಾತ್ರಿ ಆಂಬುಲೆನ್ಸ್ ಬಂದಾಗ ಅಜ್ಜಿ ನೈಟಿಯಲ್ಲೇ ಹೊರಗೆ ಬಂದು, ಏನೂ ಕೇಳದೆ ನಮ್ಮ ಪುಟ್ಟಿಯನ್ನ ಎತ್ತಿಕೊಂಡರು. ಹನ್ನೊಂದು ದಿನ ಅವಳು ಅಲ್ಲೇ ಇದ್ದಳು. ನನಗೆ ಆಸ್ಪತ್ರೆಗೆ ಬುತ್ತಿ ಬೇರೆ, ಹಳೇ ಶೂ ಡಬ್ಬದಲ್ಲಿ: ಬೇಯಿಸಿದ ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು. ಶೂ ಡಬ್ಬದಲ್ಲಿ ಊಟವಾ ಅಂತ ಮೊದಲು ಮುಖ ಸಿಂಡರಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ದುಡ್ಡು ಕೊಡೋಕೆ ಹೋದಾಗ ಕೈ ತಳ್ಳಿಬಿಟ್ಟರು. "ನಮ್ಮಮ್ಮ ಇದ್ದಿದ್ದರೆ ಬೈಯುತ್ತಿದ್ದಳು" ಅಂದರು. ಆಮೇಲೆ ಕಥೆ ಹೇಳಿದರು. ಅವರು ಚಿಕ್ಕವರಿದ್ದಾಗ, 1950ರ ಸುಮಾರಿಗೆ, ಈ ಕಡೆ ಕಪ್ಪು ಜನರಿಗೆ ಬಿಳಿಯರ ಹೋಟೆಲಿನಲ್ಲಿ ರೂಮಿಲ್ಲ, ಊಟ ಇಲ್ಲ. ಎಷ್ಟೋ ಕಡೆ ಪೆಟ್ರೋಲ್ ಹಾಕುತ್ತಾರೆ, ಟಾಯ್ಲೆಟ್ಟಿಗೆ ಬಿಡಲ್ಲ. ಕೆಲವು ಊರುಗಳಲ್ಲಂತೂ ಹೊತ್ತು ಮುಳುಗೋದರೊಳಗೆ ಜಾಗ ಖಾಲಿ ಮಾಡಬೇಕು. ಅದಕ್ಕೇ ಮನೆಯಿಂದಲೇ ಶೂ ಡಬ್ಬದಲ್ಲಿ ಕರಿದ ಕೋಳಿ, ಮೊಟ್ಟೆ ಕಟ್ಟಿಕೊಂಡು ಹೊರಡೋದು. ಕತ್ತಲಾದ ಮೇಲೆ ಯಾರಾದರೂ ಕಾರಲ್ಲಿ ಬಂದರೆ ಅಜ್ಜಿಯ ಅಮ್ಮ ಜಗಲಿ ದೀಪ ಹಾಕಿ ಒಳಗೆ ಕರೆಯುತ್ತಿದ್ದರಂತೆ, ಮಕ್ಕಳ ಹಾಸಿಗೆ ಬಂದವರಿಗೆ, ಮಕ್ಕಳು ನೆಲದ ಮೇಲೆ. ಹೀಗೆ ರೂಮು ಕೊಡುವ ಮನೆಗಳಿಗೆ 'ಟೂರಿಸ್ಟ್ ಹೋಮ್' ಅಂತಲೇ ಹೆಸರು.

ಅಂಥ ಮನೆ, ಹೋಟೆಲ್, ಕ್ಷೌರದಂಗಡಿಗಳ ವಿಳಾಸವನ್ನೆಲ್ಲ ಒಂದು ಪುಸ್ತಕ ಮಾಡಿದವನು ನ್ಯೂಯಾರ್ಕಿನ ಹಾರ್ಲೆಮ್‌ನ ವಿಕ್ಟರ್ ಗ್ರೀನ್. ಕೆಲಸ ಪೋಸ್ಟ್‌ಮ್ಯಾನ್. ಮನೆ ಮನೆಗೆ ಕಾಗದ ಹಂಚೋನಿಗೆ ವಿಳಾಸದ ಬೆಲೆ ಗೊತ್ತಿರಲ್ವಾ! 1936ರಲ್ಲಿ ಬರೀ ನ್ಯೂಯಾರ್ಕ್ ಸುತ್ತಮುತ್ತಕ್ಕೆ ಅಂತ ಶುರುವಾದ 'ಗ್ರೀನ್ ಬುಕ್' ಆಮೇಲೆ ದೇಶಕ್ಕೆಲ್ಲ ಹರಡಿತು, ಎಸ್ಸೊ ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತಿತ್ತು. ಈ ಪುಸ್ತಕ ಬೇಕಾಗದ ದಿನ ಬರುತ್ತೆ ಅಂತ ಅದರ ಮುನ್ನುಡಿಯಲ್ಲೇ ಬರೆದಿತ್ತು. ಹೋಟೆಲು ಗೀಟೆಲುಗಳಲ್ಲಿ ಬಣ್ಣ ನೋಡಿ ಭೇದ ಮಾಡಬಾರದು ಅನ್ನೋ 1964ರ ಕಾನೂನು ಬಂದು ಎರಡು ಮೂರು ವರ್ಷಕ್ಕೆ ಅದು ನಿಂತಿತು. ಗ್ರೀನ್ ಅದನ್ನ ನೋಡಲಿಲ್ಲ, 1960ರಲ್ಲೇ ತೀರಿಕೊಂಡಿದ್ದ.

ನಮ್ಮೂರಿನ ಲೊರೇನ್ ಮೋಟೆಲ್ ಕೂಡ ಆ ಪುಸ್ತಕದಲ್ಲಿತ್ತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುಂಡು ಬಿದ್ದದ್ದು ಅಲ್ಲೇ. ಈಗ ಮ್ಯೂಸಿಯಂ. ಹೋದ ಭಾನುವಾರ ಅಜ್ಜಿಯ ಜೊತೆ ಹೋಗಿದ್ದೆವು. ಹೊರಗಿನ ಬಾಲ್ಕನಿ ನೋಡುತ್ತಾ ಅವರು ಪುಟ್ಟಿಯ ಕೈ ಬಿಡಲೇ ಇಲ್ಲ, ಜಾಸ್ತಿ ಮಾತೂ ಆಡಲಿಲ್ಲ.

ಬರುವಾಗ ಶೂ ಡಬ್ಬ ವಾಪಸ್ ಕೊಟ್ಟೆ. ಖಾಲಿ ಕೊಡಬಾರದಲ್ವಾ, ಕೋಡುಬಳೆ ತುಂಬಿಸಿದ್ದೆ. ಅಜ್ಜಿ ಒಂದು ಕಡಿದು, ಕಣ್ಣಲ್ಲಿ ನೀರು ಬಂದು, "ಖಾರ!" ಅಂದರು. ಇನ್ನೊಂದು ತಗೊಂಡರು.