ಸ್ಕೂಟರ್‌ನಿಂದ ಎದ್ದು ನಿಂತವರೆಲ್ಲ ಸೋಗಿನವರಲ್ಲ

ಮಾನ್ಯ ಸಂಪಾದಕರೇ,

ಥೀಮ್ ಪಾರ್ಕ್‌ಗಳಲ್ಲಿ ಬಾಡಿಗೆಗೆ ಸಿಗುವ, ಹೆಚ್ಚು ನಡೆಯಲಾಗದವರು ಕುಳಿತು ಓಡಿಸುವ ಬ್ಯಾಟರಿ ಗಾಡಿಗಳಾದ ಮೊಬಿಲಿಟಿ ಸ್ಕೂಟರ್‌ಗಳನ್ನು ಕೈಕಾಲು ಗಟ್ಟಿಯಿರುವವರೂ ಸರದಿ ತಪ್ಪಿಸಿಕೊಳ್ಳಲು ಹತ್ತಿ ಕೂರುತ್ತಾರೆ ಎಂಬ ದೂರನ್ನು ಆಗಾಗ ಕೇಳುತ್ತಿರುತ್ತೇನೆ. ಎರಡೂ ಮಂಡಿಗಳು ಸವೆದಿರುವ ಕಾರಣ ಕಳೆದ ರಜೆಯಲ್ಲಿ ಮೂರು ದಿನ ಅಂಥದೊಂದು ಸ್ಕೂಟರ್ ಪಡೆದು ಮೊಮ್ಮಕ್ಕಳ ಜೊತೆ ಪಾರ್ಕ್ ಸುತ್ತಿದ ನನಗೆ, ಈ ದೂರಿನ ಬಗ್ಗೆ ಕೆಲವು ಮಾತು ಬರೆಯಬೇಕೆನಿಸಿದೆ.

ನಾನು ಮನೆಯೊಳಗೆ ಯಾರ ಆಸರೆಯೂ ಇಲ್ಲದೆ ಓಡಾಡುತ್ತೇನೆ, ಕಂಬಿ ಹಿಡಿದು ಮೆಟ್ಟಿಲನ್ನೂ ಹತ್ತುತ್ತೇನೆ. ಆದರೆ ಅರ್ಧ ಗಂಟೆ ನಿಂತರೆ ಮಂಡಿ ಊದಿಕೊಳ್ಳುತ್ತದೆ. ಪಾರ್ಕಿನ ನಡಿಗೆ ಮನೆಯ ನಡಿಗೆಯಂಥದ್ದಲ್ಲ. ಫ್ಲಾರಿಡಾದ ಡಿಸ್ನಿ ಥೀಮ್ ಪಾರ್ಕ್ ಆದ ಎಪ್ಕಾಟ್‌ನಲ್ಲಿ ಕೆರೆಯ ಸುತ್ತಲಿನ ದಾರಿಯನ್ನು ಒಮ್ಮೆ ಬಳಸಿ ಬಂದರೇ ಸುಮಾರು 2 ಕಿ.ಮೀ. ಆಗುತ್ತದೆ, ಅದೂ ಆ ಪಾರ್ಕಿನ ಒಂದು ಭಾಗವಷ್ಟೆ. ಸ್ವಲ್ಪ ನಡೆಯಬಲ್ಲ, ಆದರೆ ದಿನವಿಡೀ ನಡೆಯಲಾರದ ನನ್ನಂಥವರಿಗೆ ಸ್ಕೂಟರ್ ಬೇಕಾಗುವುದು ಇಲ್ಲಿಯೇ.

ಮೊದಲ ದಿನ ಒಂದು ದೋಣಿ ಸವಾರಿಗೆ ಮುಕ್ಕಾಲು ಗಂಟೆ ಎಲ್ಲರ ಜೊತೆಗೇ ಸಾಲಿನಲ್ಲಿ ಕಾದೆವು. ಸಾಲಿನ ದಾರಿ ಅಗಲವಾಗಿದ್ದುದರಿಂದ ಸ್ಕೂಟರ್ ಕೂಡ ಅದರಲ್ಲೇ ಸಾಗಿತು. ಸ್ಕೂಟರ್ ಇದ್ದ ಮಾತ್ರಕ್ಕೆ ಯಾರೂ ನಮ್ಮನ್ನು ಮುಂದಕ್ಕೆ ಬಿಡಲಿಲ್ಲ. ದೋಣಿ ಹತ್ತುವ ಕಟ್ಟೆಯ ಬಳಿ ಸಿಬ್ಬಂದಿ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದರು. ನಾನು ಎದ್ದು, ಕೋಲೂರಿ ಹತ್ತು ಹೆಜ್ಜೆ ನಡೆದೆ. ಹಿಂದಿನಿಂದ ‘ಅಬ್ಬಾ, ಈಗ ಕಾಲು ಬಂತಲ್ಲ!’ ಎಂಬ ಮಾತು ಕೇಳಿಸಿತು. ಎಂಟು ವರ್ಷದ ಮೊಮ್ಮಗಳು ತಿರುಗಿ ನನ್ನ ಮುಖ ನೋಡಿದಳು. ಎದ್ದು ನಡೆಯಿರಿ ಎನ್ನುವುದು ಆ ಸವಾರಿಯ ನಿಯಮ, ನಡೆದರೆ ಸೋಗು ಎನ್ನುವುದು ಸಾಲಿನಲ್ಲಿದ್ದವರ ತೀರ್ಪು.

ದೂರುವವರ ಮಾತಿನಲ್ಲಿ ನಿಜವೂ ಇದೆ, ಅದನ್ನು ಮುಚ್ಚಿಡಲಾರೆ. ಅದೇ ದಿನ ನಾನೇ ಒಬ್ಬರ ಹಿಮ್ಮಡಿಗೆ ಗುದ್ದಿದೆ. ನನ್ನ ಸ್ಕೂಟರ್‌ನಲ್ಲಿ ಬಲಗೈಯ ಲಿವರ್ ಒತ್ತಿದರೆ ಮುಂದಕ್ಕೆ, ಎಡಗೈಯದು ಒತ್ತಿದರೆ ಹಿಂದಕ್ಕೆ. ಕೈಬಿಟ್ಟರೆ ತಾನಾಗಿ ನಿಲ್ಲುತ್ತದೆ. ಗಾಬರಿಯಾದಾಗ ಮಾತ್ರ ಕೈ ಬಿಡುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ. ಬಾಡಿಗೆ ಕೊಟ್ಟವರು ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದರೇ ಹೊರತು ಇದನ್ನು ಹೇಳಿಕೊಡಲಿಲ್ಲ. ವೇಗದ ಗುಂಡಿಯ ಒಂದು ತುದಿಯಲ್ಲಿ ಆಮೆಯ ಚಿತ್ರವೂ ಇನ್ನೊಂದು ತುದಿಯಲ್ಲಿ ಮೊಲದ ಚಿತ್ರವೂ ಇದ್ದವು. ಜನಸಂದಣಿಯಲ್ಲಿ ಅದು ಆಮೆಯ ಕಡೆಗೇ ಇರಬೇಕೆಂಬುದನ್ನು ನಾನು ಕಲಿತದ್ದು ಕ್ಷಮೆ ಕೇಳಿದ ಮೇಲೆ.

ಎರಡನೆಯ ದಿನ ಮಧ್ಯಾಹ್ನ ಒಂದು ಏರಿನಲ್ಲಿ ಗಾಡಿ ನಿಂತೇಬಿಟ್ಟಿತು. ಬೆಳಿಗ್ಗೆ ಕೌಂಟರ್‌ನಲ್ಲಿ ಬ್ಯಾಟರಿಯ ಹಸಿರು ದೀಪಗಳೆಲ್ಲ ಉರಿಯುತ್ತಿದ್ದವು. ನಿಂತ ಗಾಡಿಯ ದೀಪವನ್ನು ನಂಬಬಾರದು, ಹಳೆಯ ಬ್ಯಾಟರಿಯ ನಿಜಸ್ಥಿತಿ ಭಾರ ಹೊತ್ತು ಏರು ಹತ್ತುವಾಗಲೇ ತಿಳಿಯುವುದು. ಮಗ ಮತ್ತು ಅಳಿಯ ಸೇರಿ ತಳ್ಳಿದರೂ ಚಕ್ರ ಕದಲಲಿಲ್ಲ, ಏಕೆಂದರೆ ಮೋಟಾರಿಗೆ ಕರೆಂಟ್ ಇಲ್ಲದಾಗ ಬ್ರೇಕ್ ತಾನೇ ಬಿಗಿದುಕೊಳ್ಳುತ್ತದೆ. ಹಿಂಚಕ್ರದ ಬಳಿಯ ಸಣ್ಣ ಲಿವರೊಂದನ್ನು ಎತ್ತಿದರೆ ಚಕ್ರ ಸಡಿಲವಾಗುತ್ತದೆಂದು ದಾರಿಹೋಕರೊಬ್ಬರು ತೋರಿಸಿಕೊಟ್ಟರು. ಹಾಗೆ ಎತ್ತಿದ ಕೂಡಲೇ ಬ್ರೇಕೂ ಹೋಗಿ ಗಾಡಿ ಇಳಿಜಾರಿಗೆ ಜಾರತೊಡಗಿದ್ದರಿಂದ ಅಳಿಯ ಅದನ್ನು ಎದೆಗೊಟ್ಟು ತಡೆಯಬೇಕಾಯಿತು.

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯು ಮನರಂಜನೆ ಮತ್ತು ಪ್ರವಾಸದ ತಾಣಗಳಿಗೆ ಪ್ರವೇಶವನ್ನೂ ಹಕ್ಕುಗಳ ಸಾಲಿಗೆ ಸೇರಿಸಿದೆ. ಹೀಗಿರುವಾಗ ಸ್ಕೂಟರನ್ನು ಬರಿಯ ಬಾಡಿಗೆಯ ಸಾಮಾನಿನಂತೆ ಕೈಗಿತ್ತು ಸುಮ್ಮನಾಗುವುದು ಸರಿಯಲ್ಲ. ಗಾಡಿ ಕೊಡುವ ಮೊದಲು ಖಾಲಿ ಜಾಗದಲ್ಲಿ ಐದು ನಿಮಿಷ ಓಡಿಸಲು ಬಿಟ್ಟು, ಒಂದು ಏರನ್ನೂ ಹತ್ತಿಸಿ, ಹಿಂಚಕ್ರದ ಬಳಿಯ ಆ ಸಣ್ಣ ಲಿವರನ್ನು ಜೊತೆಗಿರುವವರಿಗೂ ತೋರಿಸಬೇಕು.

ನಡೆಯುವವರಲ್ಲಿಯೂ ಒಂದು ವಿನಂತಿ. ಸ್ಕೂಟರ್‌ನಲ್ಲಿ ಕುಳಿತವರಿಗೆ ಗುಂಪಿನಲ್ಲಿ ಬೆನ್ನುಗಳ ಹೊರತು ಬೇರೇನೂ ಕಾಣದು. ಮುಂದೆ ನಾವು ಬಿಟ್ಟುಕೊಂಡ ಜಾಗ ಖಾಲಿಯೆಂದು ತೋರಿದರೂ ಅದು ಗಾಡಿ ನಿಲ್ಲಲು ಬೇಕಾದ ಅಂತರ, ದಯವಿಟ್ಟು ಅದರೊಳಗೆ ನುಸುಳಬೇಡಿ. ಇನ್ನು ಪಾರ್ಕಿನವರು ಇಂಥ ನಿಯಮವಿರುವ ಪ್ರತಿ ಸವಾರಿಯನ್ನು ಹತ್ತುವ ಜಾಗದಲ್ಲಿ ‘ಸ್ಕೂಟರ್‌ನಲ್ಲಿ ಬಂದವರು ಇಲ್ಲಿಂದ ನಡೆದೇ ಹೋಗಬೇಕು’ ಎಂಬ ಫಲಕವನ್ನು, ಸಾಲಿನಲ್ಲಿ ನಿಂತವರಿಗೆಲ್ಲ ಓದಲು ಸಿಗುವಷ್ಟು ದೊಡ್ಡ ಅಕ್ಷರಗಳಲ್ಲಿ ಹಾಕಿಸಬೇಕೆಂದು ಕೋರುತ್ತೇನೆ.

ಇಂತಿ,
ಪತ್ರಿಕೆಯ ನಿತ್ಯದ ಓದುಗಿ