ಮಗಳಿಗೊಂದು ಪತ್ರ: ಕಡಿಮೆ ಬಿದ್ದ ಆರು ಅಂಕ

ಶಿರಸಿ ತಾಲ್ಲೂಕು, ಜುಲೈ 2025

ಪ್ರೀತಿಯ ಕೂಸೇ,

ನೀನು ಕಳಿಸಿದ ಚಾರ್ಟರ್ಡ್ ಅಕೌಂಟೆಂಟ್ (ಸಿಎ) ಇಂಟರ್ ಪರೀಕ್ಷೆಯ ಮೊದಲ ಗ್ರೂಪಿನ ಅಂಕಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಕೂತಿದ್ದೇನೆ. ಅಕೌಂಟ್ಸ್ 57, ಲಾ 41, ಟ್ಯಾಕ್ಸ್ 46. ಒಟ್ಟು 144. ಬೇಕಿದ್ದದ್ದು 150.

ಅಪ್ಪ ಬಗ್ಗಿ ನೋಡಿ ಕೇಳಿದರು, "ಮೂರರಲ್ಲೂ ನಲವತ್ತು ದಾಟಿದ್ದಲ, ಮತ್ತೆ ಫೇಲ್ ಹೆಂಗಾತು?" ಅಂತ. ಸಿಎ ಇಂಟರ್‌ನಲ್ಲಿ ಪೇಪರಿಗೆ 40 ಬಂದರೆ ಸಾಲದು, ಗ್ರೂಪಿನ, ಅಂದರೆ ಮೂರೂ ಪೇಪರಿನ, ಒಟ್ಟು ಅಂಕ ಶೇಕಡಾ 50 ಆಗಬೇಕು ಅಂತ ಅವರಿಗೆ ವಿವರಿಸಿದೆ. ಅಕೌಂಟ್ಸ್‌ನಲ್ಲಿ 60 ಬಂದಿದ್ದರೆ ಆ ಪೇಪರಿಗೆ ಎಕ್ಸೆಂಪ್ಶನ್ ಸಿಗುತ್ತಿತ್ತು, ಅದನ್ನು ಮತ್ತೆ ಬರೆಯಬೇಕಾಗಿರಲಿಲ್ಲ, ಅದೂ ಮೂರು ಅಂಕದಲ್ಲಿ ತಪ್ಪಿತು ಅಂತಲೂ ಹೇಳಿದೆ. ಅವರು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಕೂಸಿಗೆ ಎಷ್ಟು ಬೇಜಾರಾಗಿರ್ತು" ಅಂದರು. ನಿನ್ನ ಮೇಲೆ ಈ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಅದನ್ನೇ ನೆನೆದು ನೀನು ಫೋನು ಎತ್ತುತ್ತಿಲ್ಲ ಅಂತ ನನಗೆ ಗೊತ್ತು.

ನೀನು ಮೆಸೇಜಿನಲ್ಲಿ ಬರೆದಿದ್ದೀಯ, "ನನಗೆ ತಲೆಯೇ ಇಲ್ಲ ಆಯಿ, ಮತ್ತೆ ಮೊದಲಿಂದ ಎಲ್ಲ ಓದಬೇಕು." ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ.

ಸಂಘದಲ್ಲಿ ಇಷ್ಟು ವರ್ಷ ಲೆಕ್ಕ ಬರೆದವಳು ನಾನು. ಮಾರ್ಚ್ ಕೊನೆಗೆ ಜಮಾ-ಖರ್ಚಿನ ತಾಳೆಪಟ್ಟಿ ಕೂಡದೇ ಹೋಗುವುದು ನಮಗೆ ಹೊಸತಲ್ಲ. ಹಾಗಂತ ಇಡೀ ವರ್ಷದ ಕೀರ್ದಿ ಪುಸ್ತಕವನ್ನು ಯಾರೂ ಮತ್ತೆ ಬರೆಯುವುದಿಲ್ಲ. ಮೊದಲು ವ್ಯತ್ಯಾಸ ಎಷ್ಟು ಅಂತ ನೋಡುತ್ತೇವೆ. ಅದು ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆಯಾ ಅಂತ ಹುಡುಕುತ್ತೇವೆ, 73 ಅನ್ನುವುದು 37 ಆಗಿರುತ್ತದೆ. ಇಲ್ಲವಾದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಜಮಾ ಬದಲು ಖರ್ಚಿಗೆ ಬಿದ್ದಿದೆಯಾ ಅಂತ ನೋಡುತ್ತೇವೆ. ನಿನ್ನ ಲೆಕ್ಕದಲ್ಲಿ ವ್ಯತ್ಯಾಸ ಆರು. ಅದು ಎಲ್ಲಿ ಹೋಯಿತು ಅಂತ ಹುಡುಕೋಣ. ಪುಸ್ತಕ ಮೊದಲಿಂದ ತೆಗೆಯುವುದು ಬೇಡ.

ನನಗನಿಸುವ ಪ್ರಕಾರ ಅದು ಹೋಗಿದ್ದು ಲಾ ಪೇಪರಿನಲ್ಲಿ. ಓದು ಕಡಿಮೆಯಾಗಿ ಹೋದದ್ದೂ ಅಲ್ಲ.

ಕಳೆದ ವರ್ಷ ನಮ್ಮ ಸಂಘದ ವಾರ್ಷಿಕ ಸಭೆಗೆ ಜನ ಸೇರಲಿಲ್ಲ ಅಂತ ದೊಡ್ಡಪ್ಪ ಜಗಲಿಯಲ್ಲಿ ಕೂತು ಗೊಣಗುತ್ತಿದ್ದರಲ್ಲ. ಕಂಪನಿಗಳಲ್ಲಿ ಇದಕ್ಕೆ ಏನು ನಿಯಮ ಅಂತ ಅವರು ಕೇಳಿದ್ದಕ್ಕೆ ನೀನು ಕಷಾಯ ಕುಡಿಯುತ್ತಾ ಹೇಳಿದ್ದೆ. ಪಬ್ಲಿಕ್ ಕಂಪನಿಯಲ್ಲಿ ಸದಸ್ಯರು ಸಾವಿರದೊಳಗಿದ್ದರೆ 5 ಜನ ಖುದ್ದು ಬರಬೇಕು, ಐದು ಸಾವಿರದವರೆಗಾದರೆ 15, ಅದಕ್ಕೂ ಜಾಸ್ತಿಯಾದರೆ 30. ಅರ್ಧ ಗಂಟೆಯಲ್ಲಿ ಅಷ್ಟು ಜನ ಸೇರದಿದ್ದರೆ ಸಭೆ ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಆಗಲೂ ಅರ್ಧ ಗಂಟೆಯಲ್ಲಿ ಕೋರಂ, ಅಂದರೆ ಬೇಕಾದಷ್ಟು ಜನ, ಆಗದಿದ್ದರೆ ಬಂದವರೇ ಕೋರಂ. ಸದಸ್ಯರೇ ಒತ್ತಾಯ ಮಾಡಿ ಕರೆಸಿದ ಸಭೆಯಾದರೆ ಮಾತ್ರ ಮುಂದೂಡುವ ಹಾಗಿಲ್ಲ, ರದ್ದೇ. ಕಂಪನಿ ಕಾಯ್ದೆ 2013, ಸೆಕ್ಷನ್ 103. ಪುಸ್ತಕ ನೋಡದೆ ಹೇಳಿದ್ದೆ. ದೊಡ್ಡಪ್ಪನಿಗೆ ಪೂರ್ತಿ ಅರ್ಥವಾಗಿತ್ತು.

ಮೊನ್ನೆ ನಿನ್ನ ಕಪಾಟು ಒರೆಸುವಾಗ ಕೋಚಿಂಗಿನ ಟೆಸ್ಟ್ ಪೇಪರುಗಳು ಸಿಕ್ಕವು. ಮಳೆಗೆ ಬೂಸ್ಟು ಹಿಡಿಯಬಾರದು ಅಂತ ತೆಗೆದಿಟ್ಟೆ. ಅದರಲ್ಲಿ ಇದೇ ಕೋರಂ ಪ್ರಶ್ನೆ ಇತ್ತು. ನಿನ್ನ ಉತ್ತರ ಮೂರು ಸಾಲು. ಸೆಕ್ಷನ್ ಇಲ್ಲ, ಅರ್ಧ ಗಂಟೆಯ ಮಾತಿಲ್ಲ, ಕೊನೆಗೆ ಸಭೆ ರದ್ದಾಯಿತಾ ಮುಂದೂಡಿತಾ ಅಂತ ತೀರ್ಮಾನವೂ ಇಲ್ಲ. ಎರಡು ಕಡೆ ವಾಕ್ಯ ಶುರು ಮಾಡಿ ಹೊಡೆದು ಹಾಕಿದ್ದೀಯ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಗೊತ್ತಿದ್ದೂ ಬರೆಯಲಾಗದೆ ಒದ್ದಾಡಿದ್ದೀಯಲ್ಲ ಅಂತ.

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು ನೀನು. ಪಿಯುಸಿಗೆ ಬಂದ ಮೇಲೆ ಇಂಗ್ಲಿಷ್. ಲೆಕ್ಕ ಮಾಡುವಾಗ ಅದು ತೊಂದರೆ ಕೊಡಲಿಲ್ಲ, ಅಂಕಿಗೆ ಭಾಷೆ ಜಾಸ್ತಿ ಬೇಡ. ಸಿಎ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವ ಹಾಗಿಲ್ಲ. ಇದು ನನಗೆ ಸರಿ ಅನಿಸುವುದಿಲ್ಲ. ಹಿಂದಿಯಲ್ಲಿ ಆಗುವುದಾದರೆ ಕನ್ನಡದಲ್ಲೂ ಆಗಬೇಕು. ಆದರೆ ನಿನ್ನ ಪರೀಕ್ಷೆಯೊಳಗೆ ಅದು ಬದಲಾಗುವುದಿಲ್ಲ. ಹಾಗಾಗಿ ಕೂತು ಪರಿಹರಿಸಬೇಕಾದ್ದು ಇದನ್ನೇ. ನಿನ್ನ ತಲೆಯಲ್ಲಿ ಏನೂ ಕೊರತೆ ಇಲ್ಲ.

ನನ್ನ ಅಂದಾಜು ಸರಿಯೋ ತಪ್ಪೋ ನೋಡುವುದಕ್ಕೆ ಒಂದು ದಾರಿ ಇದೆ. ಲಾ ಮತ್ತು ಟ್ಯಾಕ್ಸಿನ ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕು. ಫಲಿತಾಂಶ ಬಂದು 30 ದಿನದೊಳಗೆ ಕೇಳಬೇಕು, ಆಮೇಲೆ ಕೊಡುವುದಿಲ್ಲ. 30 ಅಂಕ ಉತ್ತರ ಆರಿಸುವ ಎಂಸಿಕ್ಯೂ ಪ್ರಶ್ನೆಗಳಿಗೆ, 70 ಬರೆಯುವುದಕ್ಕೆ ಅಲ್ವಾ. ಬರೆದಿದ್ದಕ್ಕೆ ಬಂದ ಅಂಕವನ್ನು ಲಾ ಪೇಪರಿನ 41ರಲ್ಲಿ ಕಳೆ. ಉಳಿದದ್ದು ಎಂಸಿಕ್ಯೂ. ಎಂಸಿಕ್ಯೂಗೆ 20ರ ಮೇಲೆ ಬಂದು ಬರೆದಿದ್ದಕ್ಕೆ 20ರ ಸುತ್ತ ಬಂದಿದ್ದರೆ ನನ್ನ ಮಾತು ಖರೆ. ವಿಷಯ ಗೊತ್ತಿದೆ, ಬರಹ ಬಂದಿಲ್ಲ. ಉತ್ತರಪತ್ರಿಕೆ ನೋಡುವುದಕ್ಕೆ ಹೆದರಿಕೆಯಾಗುತ್ತದೆ ಅಂತ ನೀನು ಹಿಂದೆ ಒಮ್ಮೆ ಹೇಳಿದ್ದೆ. ಇಲ್ಲಿಗೆ ತರಿಸು, ಒಟ್ಟಿಗೆ ತೆಗೆದು ನೋಡೋಣ.

ಬರೆಯುವ ಅಭ್ಯಾಸಕ್ಕೆ ನನಗೆ ತೋಚಿದ್ದು ಇಷ್ಟು. ದಿನಕ್ಕೆ ಒಂದೇ ಲಾ ಪ್ರಶ್ನೆ. ಮೊದಲು ಅದನ್ನು ದೊಡ್ಡಪ್ಪನಿಗೆ ಹೇಳಿದ ಹಾಗೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳು. ನನಗೆ ಫೋನು ಮಾಡಿ ಹೇಳಿದರೂ ಆಯಿತು. ಕರೆಂಟು ಹೋದರೆ ನಮ್ಮಲ್ಲಿ ನೆಟ್‌ವರ್ಕೂ ಹೋಗುತ್ತದೆ, ಅಂಥ ದಿನ ರೆಕಾರ್ಡ್ ಮಾಡಿ ಕಳಿಸು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಕೈಯಲ್ಲಿ ಬರೆ. ಕಾನೂನು ಏನು ಹೇಳುತ್ತದೆ, ಈ ಪ್ರಶ್ನೆಯಲ್ಲಿ ಏನಾಗಿದೆ, ಹಾಗಾಗಿ ತೀರ್ಮಾನ ಏನು. ಸಣ್ಣ ಸಣ್ಣ ವಾಕ್ಯ ಸಾಕು, ಚಂದದ ಇಂಗ್ಲಿಷ್ ಯಾರೂ ಕೇಳುತ್ತಿಲ್ಲ. ಬರೆದ ಮೇಲೆ ಸಿಎ ಇನ್‌ಸ್ಟಿಟ್ಯೂಟಿನ ಸಜೆಸ್ಟೆಡ್ ಆನ್ಸರ್, ಅಂದರೆ ಮಾದರಿ ಉತ್ತರ, ಪಕ್ಕಕ್ಕಿಟ್ಟು ನೋಡು. ಹಳೇ ಪರೀಕ್ಷೆಯವೆಲ್ಲ ಅವರ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ಮಾಕ್ ಟೆಸ್ಟ್ ಪೇಪರೂ ಇವೆ. ಹೊಸ ಕೋಚಿಂಗಿಗಿಂತ ಇದು ನಿನಗೆ ಜಾಸ್ತಿ ಬೇಕು ಅನಿಸುತ್ತದೆ. ವೀಡಿಯೋ ನೋಡಿ ತಲೆ ಆಡಿಸುವುದು ಓದಿದ ಹಾಗೆ ಅನಿಸುತ್ತದೆ, ಆದರೆ ಪೆನ್ನು ಹಿಡಿದಾಗ ಕೈಗೆ ಬರುವುದಿಲ್ಲ.

ಟ್ಯಾಕ್ಸ್ ಬೇರೆ ವಿಷಯ. ಅಲ್ಲಿ ನಿನಗೆ ಹೊತ್ತು ಸಾಲುತ್ತಿಲ್ಲ. ಇನ್‌ಕಮ್ ಟ್ಯಾಕ್ಸಿಗೆ 50, ಜಿಎಸ್‌ಟಿಗೆ 50 ಅಂಕ ಇರುವಾಗ ನೀನು ಮೊದಲಿನದಕ್ಕೇ ಎರಡು ಗಂಟೆ ಕೊಟ್ಟರೆ ಮೂರು ಗಂಟೆಯಲ್ಲಿ ಉಳಿಯುವುದೇನು? ಗಡಿಯಾರ ಇಟ್ಟುಕೊಂಡು ಪೂರ್ತಿ ಪೇಪರ್ ಬರೆಯುವುದು ಬಿಟ್ಟು ಇದಕ್ಕೆ ಬೇರೆ ಮದ್ದಿಲ್ಲ.

ಇನ್ನು ಸೆಪ್ಟೆಂಬರ್ ಫಾರ್ಮಿನ ಮಾತು. ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಆಗಿದೆ, ಜನವರಿ, ಮೇ, ಸೆಪ್ಟೆಂಬರ್. ಒಳ್ಳೆಯದೇ, ಮೊದಲಿನ ಹಾಗೆ ಆರು ತಿಂಗಳು ಕಾಯಬೇಕಾಗಿಲ್ಲ. ಆದರೆ ಫಲಿತಾಂಶ ಬಂದ ಬೆನ್ನಿಗೇ ಮುಂದಿನ ಫಾರ್ಮು ಬಂದು ಕೂರುತ್ತದೆ. ಅಳುತ್ತಾ ತುಂಬುತ್ತೀರಿ, ಹೆದರುತ್ತಾ ಓದುತ್ತೀರಿ, ಮತ್ತೆ ಅದೇ ತಪ್ಪು ಅಲ್ಲೇ ಇರುತ್ತದೆ. ಸೆಪ್ಟೆಂಬರ್ 4ಕ್ಕೆ ಮೊದಲ ಪೇಪರ್. ನಡುವೆ ಎರಡು ತಿಂಗಳೂ ಇಲ್ಲ. ಬರೆಯುವ ಕೈ ತಿದ್ದಿಕೊಳ್ಳಲು ಇಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ಜನವರಿಗೆ ಕೂರು ಅನ್ನುತ್ತೇನೆ. ನಿನ್ನ ಜೊತೆಯವರು ಆಡಿಟರ್ ಕೈಕೆಳಗಿನ ತರಬೇತಿ, ಆರ್ಟಿಕಲ್‌ಶಿಪ್ ಶುರು ಮಾಡಿದ್ದಾರೆ, ವಾಟ್ಸಾಪಿನಲ್ಲಿ ಆಫೀಸಿನ ಫೋಟೋ ಹಾಕುತ್ತಾರೆ, ನೋಡಿದಾಗ ಎದೆ ಚುರ್ ಅನ್ನುತ್ತದೆ. ಗೊತ್ತು. ನಾಲ್ಕು ತಿಂಗಳು ತಡವಾದರೆ ಆರ್ಟಿಕಲ್‌ಶಿಪ್ ನಾಲ್ಕು ತಿಂಗಳು ತಡವಾಗಿ ಶುರುವಾಗುತ್ತದೆ, ಅಷ್ಟೇ. ಆದರೂ ಪರೀಕ್ಷೆ ಬರೆಯುವವಳು ನೀನು. ಸೆಪ್ಟೆಂಬರಿಗೇ ಕೂರುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ.

ಈ ಮೇ ತಿಂಗಳಲ್ಲಿ ಇಂಟರ್ ಮೊದಲ ಗ್ರೂಪ್ ಮಾತ್ರ ಬರೆದವರು 97,034 ಮಂದಿ, ಪಾಸಾದವರು 14,232. ಸುದ್ದಿ ಪೇಪರಿನಲ್ಲಿ ಬಂದಿತ್ತು. ಅಂದರೆ ನಿನ್ನ ಹಾಗೆ ಹುಬ್ಬಳ್ಳಿಯಲ್ಲೋ ಇನ್ನೆಲ್ಲೋ ಪಿಜಿ ರೂಮಿನಲ್ಲಿ ಮುಖ ಮುಚ್ಚಿಕೊಂಡು ಕೂತ ಮಕ್ಕಳು 82 ಸಾವಿರಕ್ಕೂ ಜಾಸ್ತಿ. ಇವರೆಲ್ಲ ದಡ್ಡರಾ? ಎರಡನೇ ಗ್ರೂಪ್ ನೀನು ಪಾಸು ಮಾಡಿದ್ದೀಯ, ಅದನ್ನು ಯಾಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ? ಅದು ನಿನ್ನ ಹೆಸರಿನಲ್ಲಿ ಜಮಾ ಆಗಿದೆ.

ದುಡ್ಡಿನ ಚಿಂತೆ ನಿನಗೆ ಇದೆ. ಸಾಯಂಕಾಲದ ಚಾ ಬಿಟ್ಟಿದ್ದೀಯ ಅಂತ ನಿನ್ನ ರೂಮಿನ ಹುಡುಗಿ ಹೇಳಿದಳು, ಅವಳಿಗೆ ಬೈಯಬೇಡ. ಅಡಿಕೆ ತೋಟದ ಪರಿಸ್ಥಿತಿ ಇದ್ದ ಹಾಗೇ ಬರೆಯುತ್ತೇನೆ. ಮಳೆ ಬಿಡುತ್ತಿಲ್ಲ, ಕೊಳೆರೋಗ ಶುರುವಾಗಿದೆ. ಮೊದಲ ಸಲ ಮದ್ದು ಹೊಡೆಸಿ ಆಗಿದೆ, ಎರಡನೆಯದಕ್ಕೆ ಮಳೆ ಬಿಟ್ಟು ಹೊಳ ಆಗಬೇಕು, ಮರ ಹತ್ತುವ ಕೊನೆಗೌಡರೂ ಸಿಗಬೇಕು. ಮೈಲುತುತ್ತದ ರೇಟು ಏರಿದೆ. ಈ ವರ್ಷ ಬೆಳೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ನಿನ್ನ ಪರೀಕ್ಷೆ ಫೀಸು ಮತ್ತು ಪಿಜಿಯ ದುಡ್ಡನ್ನು ನಾವು ಕಳೆದ ವರ್ಷದ ಚಾಲಿ ಅಡಿಕೆ ಮಾರಿದಾಗಲೇ ಬೇರೆ ಇಟ್ಟಿದ್ದೇವೆ. ಜನವರಿಯವರೆಗೆ ಅದು ಸಾಕು. ಚಾ ಕುಡಿ. ಮೊಸರನ್ನ ತಿಂದು ಮಲಗುವ ಕೆಲಸ ಮಾಡಬೇಡ, ಸರಿಯಾಗಿ ಊಟ ಮಾಡು.

ಚೌತಿಗೆ ಬರುವುದಿಲ್ಲ ಅಂದಿದ್ದೀಯ. ಒಟ್ಟಿಗೆ ಕೂತು ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳಕ್ಕೆ ಕೇರಿಯವರೆಲ್ಲ ಸೇರುತ್ತಾರೆ, "ಪರೀಕ್ಷೆ ಎಂತಾತು?" ಅಂತ ಕೇಳುತ್ತಾರೆ ಅಂತ ತಾನೇ? ಕೇಳುತ್ತಾರೆ. ಒಬ್ಬಿಬ್ಬರು ಮದುವೆ ಮಾತೂ ತೆಗೆಯುತ್ತಾರೆ. ನಾನು ಈಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಒಂದು ಗ್ರೂಪ್ ಆಗಿದೆ, ಇನ್ನೊಂದು ಆರು ಅಂಕಕ್ಕೆ ಹೋಗಿದೆ, ಮತ್ತೆ ಬರೆಯುತ್ತಾಳೆ ಅಂತ. ಮುಚ್ಚಿಟ್ಟಿದ್ದರೆ ನೀನು ಅದನ್ನು ಕಾಯುತ್ತಾ ಇರಬೇಕಿತ್ತು. ಈಗ ಕೇಳುವುದಕ್ಕೆ ಅವರಿಗೆ ಹೊಸತೇನೂ ಉಳಿದಿಲ್ಲ. ಕೈಸುತ್ತಿನ ಚಕ್ಕುಲಿ ಸುತ್ತಲು ನಿನ್ನಷ್ಟು ಸಮನಾಗಿ ಬರುವವರು ಈ ಕೇರಿಯಲ್ಲಿ ಕಡಿಮೆ, ಅದಕ್ಕಾದರೂ ಬಾ.

ಎಷ್ಟು ಸಲ ಬರೆಯುವುದು ಅಂತ ನೀನು ಕೇಳಿದ್ದೆ. ಎಷ್ಟು ಸಲ ಬಿದ್ದರೂ ಬಿಡಬಾರದು ಅಂತ ಹೇಳುವ ವೀಡಿಯೋಗಳನ್ನು ರಾತ್ರಿ ಎಲ್ಲ ನೋಡುತ್ತೀಯಲ್ಲ, ಅವರ ಮಾತು ನಾನು ಹೇಳುವುದಿಲ್ಲ. ಒಟ್ಟು ಅಂಕ 110ರ ಹತ್ತಿರ ನಿಂತು ಅಲುಗಾಡದೇ ಇದ್ದಿದ್ದರೆ ಬೇರೆ ದಾರಿ ನೋಡೋಣ ಅಂತ ನಾನೇ ಹೇಳುತ್ತಿದ್ದೆ. ನಿನ್ನ ಅಂಕ ಸಲದಿಂದ ಸಲಕ್ಕೆ ಏರಿದೆ, ಕಾರಣವೂ ಕಾಣುತ್ತಿದೆ. ಅದಕ್ಕೇ ಇನ್ನೊಮ್ಮೆ ಸರಿಯಾಗಿ ಬರೆ ಅನ್ನುತ್ತಿದ್ದೇನೆ. ಅದಾದ ಮೇಲೂ ಆಗದಿದ್ದರೆ, ಅಥವಾ ನಿನಗೇ ಸಾಕು ಅನಿಸಿದರೆ, ಬಿಡಬಹುದು. ಬಿಟ್ಟರೆ ಓದಿದ್ದು ಎಲ್ಲೂ ಹೋಗುವುದಿಲ್ಲ. ಜಿಎಸ್‌ಟಿ ರಿಟರ್ನ್, ಟಿಡಿಎಸ್ ಸರಿಯಾಗಿ ಮಾಡುವವರನ್ನು ಶಿರಸಿಯ ಆಡಿಟರ್ ಆಫೀಸುಗಳಲ್ಲೂ ಹುಡುಕುತ್ತಾರೆ. ಎಂಕಾಂ ಇದೆ, ಕಾಸ್ಟ್ ಅಕೌಂಟೆಂಟ್ ಕೋರ್ಸ್ ಇದೆ, ಬ್ಯಾಂಕ್ ಪರೀಕ್ಷೆ ಇದೆ. ಸಿಎ ಆಗದ ಮಗಳು ನಮಗೆ ಕಡಿಮೆಯ ಮಗಳಲ್ಲ.

ಒಂದು ಮಾತು ಕೇಳಲೇಬೇಕು. ರಾತ್ರಿ ನಿದ್ದೆ ಬರುತ್ತಿದೆಯಾ? ಎದ್ದ ಕೂಡಲೇ ಭಾರ ಅನಿಸುತ್ತದಾ? ಬದುಕೇ ಬೇಡ ಅನ್ನುವಂಥ ಯೋಚನೆ ಯಾವಾಗಾದರೂ ಬಂದರೆ ಆ ಕ್ಷಣಕ್ಕೆ ನನಗೆ ಫೋನು ಮಾಡು, ಮಧ್ಯರಾತ್ರಿಯಾದರೂ. ನನಗೆ ಹೇಳಲು ಆಗದಿದ್ದರೆ 14416ಕ್ಕೆ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೋ. ನಿನ್ನ ರೂಮಿನ ಹುಡುಗಿಗೂ ಕೊಡು, ಅವಳದ್ದೂ ಈ ಸಲ ಆಗಲಿಲ್ಲವಂತೆ.

ಶನಿವಾರ ಮುಂಡಗೋಡ ಮೇಲಿನ ಬಸ್ಸಿಗೆ ಬಾ. ನಾಲ್ಕು ದಿನ ಇದ್ದು ಹೋಗು. ಕಳಲೆ ಸಿಕ್ಕಿದೆ, ನೀರಿಗೆ ಹಾಕಿಟ್ಟಿದ್ದೇನೆ, ಪಲ್ಯ ಮಾಡುತ್ತೇನೆ. ಬರುವಾಗ ಲಾ ಪುಸ್ತಕ ಒಂದೇ ತಾ, ಉಳಿದವು ಅಲ್ಲೇ ಇರಲಿ. ಉತ್ತರಪತ್ರಿಕೆಗೆ ಅರ್ಜಿ ಮಾತ್ರ ಹೊರಡುವ ಮೊದಲೇ ಹಾಕಿಬಿಡು, ಇಲ್ಲಿ ನೆಟ್ ನಂಬುವ ಹಾಗಿಲ್ಲ. ಫಾರ್ಮು ಸೆಪ್ಟೆಂಬರಿಗಾ ಜನವರಿಗಾ ಅಂತ ಇಲ್ಲಿಗೆ ಬಂದ ಮೇಲೆ ಹೇಳಿದರೆ ಸಾಕು.

ನಿನ್ನ
ಆಯಿ