ಸಾಮಾಜಿಕ ಜಾಲತಾಣದ ಜಾಹೀರಾತು: ಯಾವುದಕ್ಕೆ ಹಣ ಕಟ್ಟಬೇಕು?

ಮಾನ್ಯ ಸಂಪಾದಕರೆ,

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯ ಬಟ್ಟೆ ವ್ಯಾಪಾರಿಗಳು ಮದುವೆ ಹಂಗಾಮು ಬಂತೆಂದರೆ ಹಿಂದೆ ಭಿತ್ತಿಪತ್ರಕ್ಕೆ, ಆಟೊಗೆ ಕಟ್ಟಿದ ಧ್ವನಿವರ್ಧಕಕ್ಕೆ ಎತ್ತಿಡುತ್ತಿದ್ದ ಹಣವನ್ನು ಈಗ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗೆ ಕಟ್ಟುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಗಿರಾಕಿಗಳ ಕಣ್ಣು ಎಲ್ಲಿದೆಯೋ ಅಂಗಡಿಯ ಹೆಸರೂ ಅಲ್ಲಿರಬೇಕಾಗುತ್ತದೆ. ಆದರೆ ಅಲ್ಲಿ ಹಣಕ್ಕೆ ಸಿಗುವ ಜಾಹೀರಾತುಗಳು ಹಲವು ಬಗೆಯವು, ಯಾವುದು ಯಾರಿಗೆ ತಕ್ಕದ್ದು ಎಂದು ಕನ್ನಡದಲ್ಲಿ ತಿಳಿಸಿ ಹೇಳುವವರು ಕಡಿಮೆ. ಇಳಕಲ್ ಸೀರೆಯ ವ್ಯಾಪಾರದಲ್ಲಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಭಾಗದ ಸಣ್ಣ ವ್ಯಾಪಾರಿ ಲೈಕುಗಳಿಗಾಗಿ ಹಣ ಕೊಡಬಾರದು, ಗಿರಾಕಿ ನಮ್ಮೊಂದಿಗೆ ಮಾತು ಆರಂಭಿಸುವುದಕ್ಕಾಗಿ ಕೊಡಬೇಕು.

ಹೀಗೆನ್ನಲು ಕಾರಣ ಈ ಜಾಹೀರಾತುಗಳ ಒಳವ್ಯವಸ್ಥೆಯಲ್ಲೇ ಇದೆ. ಪತ್ರಿಕೆಯಲ್ಲಿ ಜಾಗಕ್ಕೆ ಚದರ ಸೆಂಟಿಮೀಟರಿನ ದರವಿದ್ದಂತೆ ಅಲ್ಲಿ ಸ್ಥಿರ ದರವಿಲ್ಲ. ಒಬ್ಬರ ಮೊಬೈಲಿನಲ್ಲಿ ಜಾಹೀರಾತಿಗೆ ಜಾಗ ತೆರವಾದಾಗಲೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆದುಹೋಗುತ್ತದೆ. ಎಪಿಎಂಸಿ ಪ್ರಾಂಗಣದ ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಿದವನಿಗೇ ಮಾಲು; ಇಲ್ಲಿ ಹಾಗಲ್ಲ. ಜಾಹೀರಾತುದಾರ ಕೊಡಲು ಸಿದ್ಧನಿರುವ ಬೆಲೆ, ಆತ ಬಯಸಿದ ಕೆಲಸವನ್ನು ಆ ನಿರ್ದಿಷ್ಟ ವ್ಯಕ್ತಿ ಮಾಡುವ ಸಂಭವ, ಜಾಹೀರಾತಿನ ಗುಣಮಟ್ಟ, ಈ ಮೂರನ್ನೂ ಕೂಡಿಸಿ ಗೆದ್ದವರನ್ನು ಗೊತ್ತುಮಾಡಲಾಗುತ್ತದೆ. ಇವುಗಳಲ್ಲಿ ಎರಡನೆಯದು ನಮಗೆ ಬಹಳ ಮುಖ್ಯ. ನಾವು ಲೈಕು ಬೇಕೆಂದು ಗುರುತು ಹಾಕಿದರೆ, ಕಂಡದ್ದಕ್ಕೆಲ್ಲ ಲೈಕು ಒತ್ತುವ ಅಭ್ಯಾಸವಿರುವವರನ್ನೇ ಹುಡುಕಿ ನಮ್ಮ ಸೀರೆಯನ್ನು ತೋರಿಸಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬರಬೇಕೆಂದು ಗುರುತು ಹಾಕಿದರೆ, ಅಂಗಡಿಗಳಿಗೆ ಸಂದೇಶ ಕಳಿಸುವ ರೂಢಿ ಇರುವವರಿಗೆ ತೋರಿಸಲಾಗುತ್ತದೆ. ಸೀರೆ, ಚಿತ್ರ, ಹಣ ಎಲ್ಲವೂ ಅವೇ ಇದ್ದರೂ ನೋಡುವ ಜನ ಮಾತ್ರ ಬೇರೆಯಾಗಿಬಿಡುತ್ತಾರೆ. ಸಾವಿರ ಲೈಕು ಬಂದರೂ ಒಂದು ಸೀರೆಯೂ ಹೋಗಲಿಲ್ಲ ಎಂದು ಪೇಟೆಯಲ್ಲಿ ಕೇಳಿಬರುವ ದೂರಿಗೆ ಹೆಚ್ಚಿನ ಪಾಲು ಇದೇ ಕಾರಣ; ಯಂತ್ರ ತನಗೆ ಹೇಳಿದ ಕೆಲಸವನ್ನು ನಿಷ್ಠೆಯಿಂದಲೇ ಮಾಡಿರುತ್ತದೆ.

ಪುಟದಲ್ಲಿ ಹಾಕಿದ ಚಿತ್ರದ ಕೆಳಗೆ ಕಾಣುವ 'ಬೂಸ್ಟ್' ಗುಂಡಿ, ಅಂದರೆ ಅದೇ ಚಿತ್ರವನ್ನು ಹಣ ಕೊಟ್ಟು ಹೆಚ್ಚು ಜನರಿಗೆ ತೋರಿಸುವುದು, ಎಲ್ಲರ ಕೈಗೂ ಮೊದಲು ಸಿಗುವ ಆಯ್ಕೆ. ಅದು ಸುಲಭ, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬೂಸ್ಟ್‌ನಲ್ಲೂ ಈಗ ಸಂದೇಶದ ಗುರಿಯನ್ನು ಆರಿಸಿಕೊಳ್ಳಬಹುದು, ಹಾಗಾಗಿ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಗುರಿಯನ್ನು ನೋಡದೆ ಒತ್ತುತ್ತಾ ಹೋದರೆ, ಏನನ್ನು ಕೊಂಡೆವೆಂದು ತಿಳಿಯುವ ಮೊದಲೇ ಹಣ ಹೋಗಿರುತ್ತದೆ. ಆ್ಯಡ್ಸ್ ಮ್ಯಾನೇಜರ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಅರಿವು, ಟ್ರಾಫಿಕ್, ಎಂಗೇಜ್‌ಮೆಂಟ್, ಲೀಡ್ (ಆಸಕ್ತರ ಹೆಸರು, ಫೋನ್ ಸಂಖ್ಯೆ ಪಡೆಯುವುದು), ಆ್ಯಪ್ ಪ್ರಚಾರ, ಮಾರಾಟ ಎಂದು ಆರು ಉದ್ದೇಶಗಳಿವೆ. ಇಲ್ಲೊಂದು ಸೂಕ್ಷ್ಮವಿದೆ: ಎಂಗೇಜ್‌ಮೆಂಟ್ ಎಂಬ ಒಂದೇ ಹೆಸರಿನಡಿಯಲ್ಲಿ ಪೋಸ್ಟಿಗೆ ಬರುವ ಲೈಕೂ ಇದೆ, ವಾಟ್ಸ್‌ಆ್ಯಪ್ ಸಂಭಾಷಣೆಯೂ ಇದೆ. ಒಳಗೆ ಹೋಗಿ ಯಾವುದನ್ನು ಆರಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಟ್ರಾಫಿಕ್ ಎಂದರೆ ಅಂಗಡಿಯ ಸ್ವಂತ ಜಾಲತಾಣಕ್ಕೆ (ವೆಬ್‌ಸೈಟಿಗೆ) ಜನರನ್ನು ಕಳಿಸುವುದು. ನಮ್ಮಲ್ಲಿ ಬಹುಪಾಲು ಅಂಗಡಿಗಳಿಗೆ ಜಾಲತಾಣವೇ ಇಲ್ಲವಾದ್ದರಿಂದ ಅದರ ಮಾತು ಬೇಡ. ಮಾರಾಟದ ಉದ್ದೇಶ ಚೆನ್ನಾಗಿ ಕೆಲಸ ಮಾಡಬೇಕಾದರೆ, ಯಾರು ಕೊಂಡರು ಎಂಬ ಮಾಹಿತಿಯನ್ನು ಫೇಸ್‌ಬುಕ್‌ಗೆ ಹಿಂದಕ್ಕೆ ಕಳಿಸುವ ಏರ್ಪಾಡು ಜಾಲತಾಣದಲ್ಲಿ ಇರಬೇಕಾಗುತ್ತದೆ.

ಇಳಕಲ್ ಸೀರೆಯನ್ನು ಕೊಳ್ಳುವವರು ಚಿತ್ರ ನೋಡಿ ಹಣ ಕಳಿಸುವುದು ಅಪರೂಪ. ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ, ಸೆರಗು ರೇಷ್ಮೆಯದೋ ಅಲ್ಲವೋ, ಮೈಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿದ್ದೋ, ದಡಿ ಚಿಕ್ಕಿಯದೋ ಗೋಮಿಯದೋ, ಜೊತೆಗೆ ಗುಳೇದಗುಡ್ಡದ ಖಣ ಸಿಗುತ್ತದೆಯೋ ಎಂದೆಲ್ಲ ಕೇಳಿ, ಬೆಲೆಯಲ್ಲಿ ಒಂದಿಷ್ಟು ಚೌಕಾಶಿ ಮಾಡಿ, ಮನೆಯವರಿಗೆ ತೋರಿಸಿದ ಮೇಲೆಯೇ ವ್ಯವಹಾರ ಕುದುರುತ್ತದೆ. ಅಂಗಡಿಯ ಗದ್ದುಗೆಯ ಮೇಲೆ ನಡೆಯುವ ಈ ಮಾತು ಫೋನಿನಲ್ಲೂ ನಡೆಯಲೇಬೇಕು. ಜಾಹೀರಾತನ್ನು ಒತ್ತಿದೊಡನೆ ವಾಟ್ಸ್‌ಆ್ಯಪ್ ತೆರೆದುಕೊಳ್ಳುವ ಬಗೆ ನಮಗೆ ಒಪ್ಪುವುದು ಇದಕ್ಕಾಗಿಯೇ. ಆದರೆ ಬಂದ ಸಂದೇಶಕ್ಕೆ ಉತ್ತರಿಸಲು ಅಂಗಡಿಯಲ್ಲಿ ಒಬ್ಬರು ಇರಬೇಕು. ರಾತ್ರಿ ಹನ್ನೊಂದಕ್ಕೆ ಬಂದ ಪ್ರಶ್ನೆಗೆ ಮರುದಿನ ಮಧ್ಯಾಹ್ನ ಉತ್ತರ ಹೋದರೆ ಗಿರಾಕಿ ಅಷ್ಟರಲ್ಲಿ ಬೇರೆ ಅಂಗಡಿ ಹುಡುಕಿಕೊಂಡಿರುತ್ತಾರೆ. ದಿನದ ಲೆಕ್ಕದ ಬದಲು ಒಟ್ಟು ಅವಧಿಯ ಲೆಕ್ಕದಲ್ಲಿ ಹಣ ಗೊತ್ತುಮಾಡಿದರೆ ಜಾಹೀರಾತು ಯಾವ ಗಂಟೆಗಳಲ್ಲಿ ಕಾಣಬೇಕೆಂದೂ ಆರಿಸಿಕೊಳ್ಳಬಹುದು. ಅಂಗಡಿ ತೆರೆದಿರುವ ಹೊತ್ತಿಗಷ್ಟೇ ಅದನ್ನು ಸೀಮಿತಗೊಳಿಸುವುದು ಜಾಣತನ.

ಖರ್ಚಿನ ಲೆಕ್ಕವನ್ನೂ ಲೈಕಿನಿಂದ ಮಾಡದೆ ಗಿರಾಕಿಯಿಂದ ಮಾಡಬೇಕು. ಐದು ಸಾವಿರ ರೂಪಾಯಿಯ ಜಾಹೀರಾತು ಹಾಕಿದರೆ ಶೇ 18ರ ಜಿಎಸ್‌ಟಿ ಸೇರಿ 5,900 ರೂಪಾಯಿ ಆಗುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದವರಿಗೂ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ (ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗೂ) ಈ 900 ರೂಪಾಯಿಯನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಲು ಅವಕಾಶವಿಲ್ಲ, ಅದು ಖರ್ಚಿಗೇ ಸೇರುತ್ತದೆ. ಈ ಹಣಕ್ಕೆ ಐವತ್ತು ಜನ ವಿಚಾರಿಸಿ ಐವರು ಸೀರೆ ಕೊಂಡರೆಂದು ಇಟ್ಟುಕೊಳ್ಳಿ. ಒಬ್ಬ ಗಿರಾಕಿಗೆ 1,180 ರೂಪಾಯಿ ಬಿದ್ದಂತಾಯಿತು. ಸೀರೆಯೊಂದಕ್ಕೆ 600 ರೂಪಾಯಿ ಉಳಿಯುವ ವ್ಯಾಪಾರದಲ್ಲಿ ಇದು ಶುದ್ಧ ನಷ್ಟ. ಎರಡು ಸಾವಿರ ಉಳಿಯುವ ರೇಷ್ಮೆ ಸೀರೆಯಾದರೆ ಲಾಭ. ಆದ್ದರಿಂದ ಜಾಹೀರಾತಿಗೆ ಯಾವ ಸರಕನ್ನು ಇಡಬೇಕೆಂಬುದೂ ಯೋಚಿಸಬೇಕಾದ ಸಂಗತಿಯೇ.

ಸಣ್ಣ ಮೊತ್ತವನ್ನು ಹತ್ತು ಕಡೆ ಹಂಚುವ ಅಭ್ಯಾಸ ಇನ್ನೊಂದು ತೊಡಕು. ಹೊಸ ಜಾಹೀರಾತು ತನ್ನ ಜನರನ್ನು ಗುರುತಿಸಿಕೊಳ್ಳಲು ವಾರವೊಂದರಲ್ಲಿ ಸುಮಾರು 50 ಫಲಿತಾಂಶಗಳು (ಸಂದೇಶದ ಗುರಿಯಾದರೆ 50 ಸಂಭಾಷಣೆಗಳು) ಬೇಕಾಗುತ್ತವೆ ಎಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನದ ಮೆಟಾ ಕಂಪನಿಯೇ ಹೇಳುತ್ತದೆ. ದಿನಕ್ಕೆ 300 ರೂಪಾಯಿಯನ್ನು ನೋಡುಗರ ಐದು ಬೇರೆ ಬೇರೆ ಗುಂಪುಗಳಿಗೆ ಅರವತ್ತರಂತೆ ಹಂಚಿ, ಎರಡು ದಿನಕ್ಕೊಮ್ಮೆ ಚಿತ್ರವನ್ನೂ ಊರನ್ನೂ ಬದಲಿಸುತ್ತಿದ್ದರೆ ಯಾವುದೂ ಜನರನ್ನು ಗುರುತಿಸಿಕೊಳ್ಳುವ ಈ ಕಲಿಕೆಯ ಹಂತವನ್ನು ದಾಟುವುದಿಲ್ಲ. ಒಂದೇ ಗುಂಪು, ಎರಡೋ ಮೂರೋ ಚಿತ್ರ, ಕನಿಷ್ಠ ಒಂದು ವಾರ ಕೈ ಹಚ್ಚದಿರುವುದು, ಇಷ್ಟು ಸಾಕು.

ಊರನ್ನು ಆರಿಸುವಾಗ ಮೈಮರೆಯಬಾರದು. ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಸರ್ಕಾರಿ ಕಾಗದದಲ್ಲಿ 2014ರ ನವೆಂಬರ್‌ನಿಂದಲೇ ಬಂದಿದ್ದರೂ ಹಳೆಯ ಹೆಸರಿನಲ್ಲಿ ಊರು ಹುಡುಕುವವರು ಈಗಲೂ ಇದ್ದಾರೆ. ಬಿಜಾಪುರ ಎಂಬ ಜಿಲ್ಲೆ ಛತ್ತೀಸ್‌ಗಢದಲ್ಲೂ ಇದೆ. ಅವಸರದಲ್ಲಿ ಅದನ್ನು ಒತ್ತಿದರೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆಹಣ್ಣಿನ ಜಾಹೀರಾತು ಬಸ್ತರದ ಕಾಡಂಚಿನಲ್ಲಿ ಕಾಣುತ್ತದೆ. ನಕ್ಷೆಯಲ್ಲಿ ಪಿನ್ ನೆಟ್ಟು ಸುತ್ತಲಿನ ಇಷ್ಟು ಕಿಲೊಮೀಟರ್ ಎಂದು ಗೊತ್ತುಮಾಡುವುದು ಲೇಸು. ಭಾಷೆಯ ಆಯ್ಕೆಯಲ್ಲೂ ಹೀಗೆಯೇ ಎಚ್ಚರ ಬೇಕು. ಭಾಷೆ 'ಕನ್ನಡ' ಎಂದು ಆರಿಸಿದರೆ ಕನ್ನಡಿಗರೆಲ್ಲರಿಗೂ ತಲುಪುತ್ತದೆಂದು ಅನೇಕರು ನಂಬಿದ್ದಾರೆ. ಆ ಆಯ್ಕೆ ಮುಖ್ಯವಾಗಿ ನೋಡುವುದು ಖಾತೆಯನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ ಎಂಬುದನ್ನು. ಮನೆಯಲ್ಲಿ ಅಚ್ಚ ಕನ್ನಡ ಆಡುತ್ತಾ ಮೊಬೈಲನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುವ ಲಕ್ಷಾಂತರ ಜನ ಇದರಿಂದ ಹೊರಗುಳಿಯುತ್ತಾರೆ. ಭಾಷೆಯ ಜಾಗವನ್ನು ಖಾಲಿ ಬಿಟ್ಟು, ಜಾಹೀರಾತಿನ ಬರಹವನ್ನು ಕನ್ನಡದಲ್ಲಿ ಬರೆಯುವುದೇ ಸರಿ. ಸೊಲ್ಲಾಪುರ, ಕೊಲ್ಹಾಪುರ, ಪುಣೆಯ ಗಿರಾಕಿಗಳು ಬೇಕಾದರೆ ಮರಾಠಿಯಲ್ಲಿ ಪ್ರತ್ಯೇಕ ಜಾಹೀರಾತು ಹಾಕಬೇಕು. ಇಳಕಲ್ ಸೀರೆಗೆ ಅಲ್ಲಿ ಮೊದಲಿನಿಂದಲೂ ಬೇಡಿಕೆ ಇದೆ, ಇದರಲ್ಲಿ ಭಾಷಾಭಿಮಾನದ ಪ್ರಶ್ನೆ ಏಳಬೇಕಾಗಿಲ್ಲ.

ಎಲ್ಲ ವ್ಯಾಪಾರಕ್ಕೂ ಇದೇ ಮದ್ದೆಂದು ನಾನು ಹೇಳುತ್ತಿಲ್ಲ. ಬೆಳಗಾವಿಯ ಕುಂದಾ ಹಾಲಿನ ಸಿಹಿ, ಬಹುದಿನ ಇಡುವಂಥದ್ದಲ್ಲ. ಅಂಗಡಿಯ ಸುತ್ತಲಿನ ಜನರಿಗೆ ಪದೇ ಪದೇ ಕಾಣುವ ಜಾಹೀರಾತು ಅದಕ್ಕೆ ಸಾಕು. ಅಮೀನಗಡದ ಕರದಂಟು ದಿನಗಟ್ಟಲೆ ಕೆಡದೆ ಅಂಚೆ, ಕೊರಿಯರ್‌ನಲ್ಲಿ ಹೋಗುವಂಥದ್ದಾದ್ದರಿಂದ ಅದರ ಜಾಹೀರಾತು ಬೆಂಗಳೂರಿಗೂ ಮುಂಬೈಗೂ ಹೋಗಬಹುದು. ವಿಜಯಪುರದ ಒಣದ್ರಾಕ್ಷಿಯನ್ನು ಟನ್ ಲೆಕ್ಕದಲ್ಲಿ ಮಾರುವವರಿಗೆ ಇನ್‌ಸ್ಟಾಗ್ರಾಂನಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಬಾದಾಮಿಯಲ್ಲಿ ವಸತಿಗೃಹ ನಡೆಸುವವರ ವಿಷಯ ಪೂರ್ತಿ ಬೇರೆ: ಪ್ರವಾಸಿಗ ಕೋಣೆ ಬೇಕೆಂದು ತಾನೇ ಗೂಗಲ್‌ನಲ್ಲಿ ಹುಡುಕುತ್ತಾನೆ, ಆಗ ಎದುರಿಗೆ ಬರುವ ಜಾಹೀರಾತಿಗೆ ಸಾಮಾನ್ಯವಾಗಿ ಯಾರಾದರೂ ಒತ್ತಿದಾಗಷ್ಟೇ ಹಣ ಕೊಟ್ಟರಾಯಿತು. ಅದಕ್ಕೂ ಮೊದಲು ಗೂಗಲ್ ನಕ್ಷೆಯಲ್ಲಿ ಅಂಗಡಿಯ ವಿವರವನ್ನು ಉಚಿತವಾಗಿ ಸೇರಿಸಬಹುದೆಂಬುದನ್ನು ಮರೆಯಬಾರದು. ಯೂಟ್ಯೂಬ್‌ನಲ್ಲಿ ನೋಡುಗ ದಾಟಿಸಿ ಹೋಗಬಹುದಾದ ಜಾಹೀರಾತುಗಳಿವೆ. ವೀಕ್ಷಣೆಯ ಲೆಕ್ಕದಲ್ಲಿ ಹಣ ಕಟ್ಟುವ ಬಗೆಯನ್ನು ಆರಿಸಿದರೆ, ನೋಡುಗ 30 ಸೆಕೆಂಡು ನೋಡಿದಾಗ ಇಲ್ಲವೇ ಜಾಹೀರಾತನ್ನು ಒತ್ತಿದಾಗ ಹಣ ಕಡಿತವಾಗುತ್ತದೆ, ವಿಡಿಯೊ ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿ ನೋಡಿದಾಗ. ಸೀರೆ ನೇಯುವ ಮಗ್ಗವನ್ನು ತೋರಿಸಲು ಅದು ಒಳ್ಳೆಯ ಜಾಗ, ಆದರೆ ವಿಡಿಯೊ ಮಾಡಿಸುವ ಖರ್ಚು ಬೇರೆ.

ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ರೀಲ್ಸ್ ಮಾಡುವ ಹುಡುಗ ಹುಡುಗಿಯರಿಗೆ ಹಣ ಕೊಟ್ಟು ಪ್ರಚಾರ ಮಾಡಿಸುವುದೂ ಈಗ ಒಂದು ಆಯ್ಕೆ. ಅವರ ಅಭಿಮಾನಿಗಳು ಹುಬ್ಬಳ್ಳಿಯವರೋ ಬೇರೆ ದೇಶದಲ್ಲಿರುವವರೋ ಎಂಬುದನ್ನು ಅವರ ಖಾತೆಯ ಅಂಕಿಅಂಶ ತೋರಿಸುತ್ತದೆ, ಅದನ್ನು ಕೇಳಿ ನೋಡಿದ ಮೇಲೆಯೇ ಮಾತು ಮುಂದುವರಿಸಬೇಕು. ಹಣ ಪಡೆದು ಮಾಡಿದ ಪ್ರಚಾರವನ್ನು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು 2022ರ ಕೇಂದ್ರ ಮಾರ್ಗಸೂಚಿಯೂ 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಯೂ ಹೇಳುತ್ತವೆ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ತೋರಿಸುವವರಂತೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ನೋಡಬೇಕು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ತಯಾರಕರಿಗೂ ಪ್ರಚಾರ ಮಾಡಿದವರಿಗೂ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಇನ್ನು 'ತಿಂಗಳಿಗೆ ಇಷ್ಟು ಕೊಡಿ, ಹತ್ತು ಸಾವಿರ ಫಾಲೋವರ್ ಮಾಡಿಕೊಡುತ್ತೇವೆ' ಎನ್ನುವ ಏಜೆಂಟರ ವಿಷಯ. ಎಲ್ಲರೂ ಮೋಸಗಾರರೆಂದು ನಾನು ಹೇಳುವುದಿಲ್ಲ, ಶ್ರದ್ಧೆಯಿಂದ ಕೆಲಸ ಮಾಡುವ ತರುಣರೂ ನಮ್ಮ ಊರುಗಳಲ್ಲಿದ್ದಾರೆ. ಆದರೆ ಕೊಂಡು ತಂದ ಫಾಲೋವರ್‌ಗಳು ಸೀರೆ ಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಜಾಹೀರಾತಿನ ಖಾತೆ ವ್ಯಾಪಾರಿಯ ಹೆಸರಿನಲ್ಲೇ ಇರಬೇಕು. ಏಜೆಂಟರಿಗೆ ಕೆಲಸ ಮಾಡುವ ಅನುಮತಿಯನ್ನಷ್ಟೇ ಕೊಡಬೇಕು. ಖಾತೆ ಅವರದಾಗಿದ್ದರೆ ಅವರನ್ನು ಬಿಟ್ಟ ದಿನ ಹಳೆಯ ಲೆಕ್ಕವೆಲ್ಲ ಅವರೊಂದಿಗೇ ಹೋಗುತ್ತದೆ. ಕಂಪನಿ ಕೊಡುವ ಬಿಲ್ಲು ಬೇರೆ, ಏಜೆಂಟರ ಕೂಲಿಯ ಬಿಲ್ಲು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ. ನಮ್ಮ ಸರಕನ್ನೇ ಮಾರುವ ಇತರರು ಈಗ ಯಾವ ಜಾಹೀರಾತು ನಡೆಸುತ್ತಿದ್ದಾರೆ ಎಂಬುದನ್ನು ಮೆಟಾ ಕಂಪನಿಯ ಆ್ಯಡ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು, ಏಜೆಂಟರೊಂದಿಗೆ ಮಾತಿಗೆ ಕೂಡುವ ಮೊದಲು ಅಲ್ಲೊಮ್ಮೆ ಕಣ್ಣಾಡಿಸಿದರೆ ಸಾಕಷ್ಟು ತಿಳಿಯುತ್ತದೆ.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ಮತ್ತು ಕೈಮಗ್ಗ ಇಲಾಖೆ ಸಾಲ, ಸಹಾಯಧನದ ಬಗ್ಗೆ ಮಾಹಿತಿ ಕೊಡುವಂತೆಯೇ ಈ ವಿಷಯದಲ್ಲೂ ಕನ್ನಡದಲ್ಲಿ ತರಬೇತಿ ಏರ್ಪಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಾಣಿಜ್ಯ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ಕೆಲಸವಾಗಿ ಊರಿನ ಒಂದೊಂದು ಅಂಗಡಿಯ ಜಾಹೀರಾತು ಲೆಕ್ಕವನ್ನು ನೋಡಿಕೊಟ್ಟರೆ ಇಬ್ಬರಿಗೂ ಪ್ರಯೋಜನವಾದೀತು. ವೇದಿಕೆ, ಹಾರ, ಭಾಷಣಗಳ ಕಾರ್ಯಕ್ರಮ ಮಾತ್ರ ಬೇಡ. ವ್ಯಾಪಾರಿಗಳು ತಮ್ಮ ಮೊಬೈಲನ್ನು ಕೈಯಲ್ಲಿ ಹಿಡಿದು ಕೂತು, ತಮ್ಮ ಹೆಸರಿನಲ್ಲೇ ಖಾತೆ ತೆರೆದು, ಗುರಿ ಆರಿಸುವ ಪುಟವನ್ನು ತಾವೇ ತುಂಬಿ ಏಳುವಂಥ ಅರ್ಧ ದಿನದ ಶಿಬಿರವನ್ನು ಪ್ರತಿ ತಾಲ್ಲೂಕಿನಲ್ಲೂ ಮದುವೆ ಹಂಗಾಮಿಗೆ ಮೊದಲೇ ನಡೆಸಬೇಕು.

ತಮ್ಮ ವಿಶ್ವಾಸಿ,
ಒಬ್ಬ ಸೀರೆ ವ್ಯಾಪಾರಿ,
ಇಳಕಲ್, ಬಾಗಲಕೋಟೆ ಜಿಲ್ಲೆ